ಅಕ್ಕನ ಮೂರನೇ ಎಸೆತ

ಆಗ ನಮ್ಮ ಓಣಿಯಲ್ಲಿ ದಿನಕ್ಕೊಂದು ವಿಶ್ವದಾಖಲೆ ಆಗುತ್ತಿತ್ತು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಬ್ಬರು ಮಾಡಿದ ದಾಖಲೆಯನ್ನು ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಇನ್ನೊಬ್ಬರು ಮುರಿಯುತ್ತಿದ್ದರು. ಊಟಕ್ಕೆ ಕೂರುವಷ್ಟರಲ್ಲಿ ಅದರ ಮೇಲಿನ ಜಗಳವೂ ಮುಗಿದು, ಮರುದಿನ ಹೊಸ ದಾಖಲೆಗೆ ಹಾದಿ ಖಾಲಿಯಾಗಿರುತ್ತಿತ್ತು. ನನ್ನ ಮಕ್ಕಳಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ನಗಲಿ ಪಾಪ, ಅವರಿಗೆ ಹನುಮಪ್ಪನ ಗುಡಿಯಿಂದ ಹಿಟ್ಟಿನ ಗಿರಣಿಯವರೆಗೆ ಬರಿಗಾಲಲ್ಲಿ ಓಡಿ ಗೊತ್ತಿಲ್ಲ.

ಅದು ಒಲಿಂಪಿಕ್ಸ್ ನಡೆದ ವರ್ಷ. ಪಂಚಾಯಿತಿ ಕಟ್ಟೆಗೆ ಬರುವ ಪತ್ರಿಕೆಯಲ್ಲಿ ದಿನಾ ಯಾರಾದರೊಬ್ಬರು ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ನಿಂತ ಚಿತ್ರ ಇರುತ್ತಿತ್ತು. ಯಾರೋ ಓಡಿ ದಾಖಲೆ ಮುರಿದರು, ಯಾರೋ ಜಿಗಿದು ಮುರಿದರು, ಯಾರೋ ಎಸೆದು ಮುರಿದರು. ನಮ್ಮೂರು ಮುನವಳ್ಳಿಯಿಂದ ಒಳಗೆ, ಎರೆ ಹೊಲಗಳ ನಡುವೆ ಕುಳಿತ ಸಣ್ಣ ಊರು. ಮಕ್ಕಳು ಹೋಗಿ ಕೂರಬಹುದಾದ ಟಿ.ವಿ. ಎಂದರೆ ಕಿರಾಣಿ ಅಂಗಡಿಯ ಚನ್ನಬಸಣ್ಣನ ಮನೆಯದು. ಓಟಗಾರರು ಗೆರೆಯ ಮೇಲೆ ಕೈಯೂರಿ ಬಗ್ಗುವವರೆಗೆ ಕರೆಂಟು ಇರುತ್ತಿತ್ತು. ಪಿಸ್ತೂಲು ಸಿಡಿಯುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಮತ್ತೆ ಬಂದಾಗ ಗೆದ್ದವನು ಧ್ವಜ ಹೊದ್ದುಕೊಂಡು ಅಳುತ್ತಿರುತ್ತಿದ್ದ. ನಡುವೆ ಏನಾಯಿತು ಎಂದು ನೋಡಬೇಕಾದರೆ ಹೊರಗೆ ಬಂದು ನಾವೇ ಓಡುವುದೊಂದೇ ಉಳಿದ ದಾರಿ.

ಗಡಿಯಾರ ನಮ್ಮಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಆದ್ದರಿಂದ ಹೊತ್ತನ್ನು ಹದಿನೇಳರ ಮಗ್ಗಿಯಿಂದ ಅಳೆಯುತ್ತಿದ್ದೆವು. ಓಣಿಯಲ್ಲಿ ಹದಿನೇಳರ ಮಗ್ಗಿ ತಡವರಿಸದೆ ಬರುತ್ತಿದ್ದುದು ಕಲ್ಲಪ್ಪನೊಬ್ಬನಿಗೆ. ಓಡುವವರು ಹೊರಟ ಕೂಡಲೇ ಅವನು ಗಿರಣಿಯ ಕಟ್ಟೆಯ ಮೇಲೆ ನಿಂತು ಒದರಲು ಸುರು ಮಾಡುತ್ತಿದ್ದ. 'ಹದಿನೇಳಾರ್ಲೆ'ಗೆ ಮುಟ್ಟಿದರೆ ಸಾಧಾರಣ, 'ಹದಿನೇಳೈದ್ಲೆ'ಗೆ ಮುಟ್ಟಿದರೆ ವಿಶ್ವದಾಖಲೆ. ಕಲ್ಲಪ್ಪನಿಗೆ ಮುಂಚಿತವಾಗಿ ಒಂದು ಶೇಂಗಾ ಉಂಡೆ ಕೊಟ್ಟರೆ ಮಗ್ಗಿ ಸ್ವಲ್ಪ ನಿಧಾನವಾಗಿ ಬರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂಟಿ ಕಾಲಿನಲ್ಲಿ ಕುಂಟುವ ಓಟದ ದಾಖಲೆ ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ. ಆಮೇಲೆ ಆ ಓಟವನ್ನು ಯಾರೂ ಓಡಲಿಲ್ಲ, ಆ ಮಾತು ಬೇರೆ.

ನನ್ನ ಅಕ್ಕ ಗೌರವ್ವ ಈ ಆಟಗಳಿಗೆ ಬರುತ್ತಿರಲಿಲ್ಲ. ಅವಳು ಆಗ ಹೈಸ್ಕೂಲಿನ ಒಂಬತ್ತನೇ ಇಯತ್ತೆ, ನಾನು ಆರನೇ ಇಯತ್ತೆ. ಮನೆಯಲ್ಲಿ ನೀರು ತರುವುದು, ರೊಟ್ಟಿಗೆ ಹಿಟ್ಟು ನಾದಿ ಕೊಡುವುದು, ಹೊಲಕ್ಕೆ ಬುತ್ತಿ ಒಯ್ಯುವುದು ಎಲ್ಲ ಅವಳ ಪಾಲಿಗೆ ಬಂದಿದ್ದವು. ಅವಳಿಗೆ ಓಡುವುದೂ ಅಷ್ಟಾಗಿ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಎಸೆಯುವುದು. ಹೊಲದ ಬದುವಿನ ಮೇಲೆ ನಡೆಯುತ್ತಾ ನಡೆಯುತ್ತಾ ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಬೀಸುತ್ತಿದ್ದಳು. ಅದು ಪಕ್ಕದವರ ಹೊಲವನ್ನೂ ದಾಟಿ ಹೋಗಿ ಬೀಳುತ್ತಿತ್ತು. ಬಿದ್ದ ಕೂಡಲೇ ಓಡಿ ಹೋಗಿ ಅದರ ಪಕ್ಕದಲ್ಲಿ ನಿಂತು, ನಾನು ಬುತ್ತಿಯ ಗಂಟು ಹೊತ್ತುಕೊಂಡು ಬಂದು ಮುಟ್ಟುವವರೆಗೆ ಕಾಯುತ್ತಿದ್ದಳು.

ಈ ಓಡಿ ಹೋಗಿ ನಿಲ್ಲುವ ಚಟ ಅವಳಿಗೆ ಬಂದದ್ದು ನಿಂಬೆಹಣ್ಣಿನ ಪಂದ್ಯದಿಂದ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಾಗರಪಂಚಮಿ ಬಂತೆಂದರೆ ನಮ್ಮಲ್ಲಿ ಹೆಂಗಸರಿಗೆ ಜೋಕಾಲಿ, ಗಂಡಸರಿಗೆ ನಿಂಬೆಹಣ್ಣು. ಊರ ಬಾಗಿಲಾದ ಅಗಸಿಯಿಂದ ಕಾಲುವೆಯ ಸೇತುವೆಯವರೆಗೆ ಯಾರ ಓಣಿಯವರು ಕಡಿಮೆ ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸುತ್ತಾರೋ ಅವರು ಗೆದ್ದಂತೆ. ಒಮ್ಮೆ ಎಸೆದದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನ ಎಸೆತ. ಆದರೆ ಹಣ್ಣು ಬಿದ್ದಲ್ಲಿ ನಮ್ಮವರೊಬ್ಬರು ಹೋಗಿ ನಿಂತಿರಲೇಬೇಕು. ಇಲ್ಲದಿದ್ದರೆ ಎದುರಿನ ಓಣಿಯವನು ಆಕಾಶ ನೋಡುತ್ತಾ ಬಂದು, ಕಾಲಲ್ಲಿ ಮೆಲ್ಲಗೆ ಹಿಂದಕ್ಕೆ ಒದ್ದು, ಏನೂ ಆಗದವನಂತೆ ಹೋಗಿಬಿಡುತ್ತಿದ್ದ. ಇದು ಮೋಸವೆಂದು ಯಾರೂ ಬೇಸರಪಡುತ್ತಿರಲಿಲ್ಲ. ಹಣ್ಣನ್ನು ಕಾಯದವರೇ ದಡ್ಡರು ಎನ್ನುತ್ತಿದ್ದರು.

ಅಪ್ಪ ನಮ್ಮ ಮೇಲಿನ ಓಣಿಯ ಎಸೆತಗಾರ. ಅವರ ಹಣ್ಣು ಕಾಯುವವಳು ಅಕ್ಕ. ತೀರ ಚಿಕ್ಕವಳಿದ್ದಾಗಿನಿಂದ ಅಪ್ಪ ಕೈ ಬೀಸುವ ಮೊದಲೇ ಅದು ಎಲ್ಲಿ ಬೀಳುತ್ತದೆಂದು ತಿಳಿದು ಅವಳು ಓಡುತ್ತಿದ್ದಳು. ಪರಕಾರದ ಅಂಚು ಸೊಂಟಕ್ಕೆ ಸಿಕ್ಕಿಸಿ, ಹಣ್ಣಿನ ಮೇಲೆ ಕೋಳಿ ತನ್ನ ಮರಿಗಳ ಮೇಲೆ ನಿಂತಂತೆ ನಿಂತು, ಬಂದವರನ್ನು ಗದರಿಸುತ್ತಿದ್ದಳು. ಕೆಳಗಿನ ಓಣಿಯ ಫಕೀರಪ್ಪ ಎಂಬ ಗಟ್ಟಿ ಆಸಾಮಿ ಕೂಡ ಅವಳಿಗೆ ಹೆದರುತ್ತಿದ್ದ.

ಆ ವರ್ಷದ ಪಂಚಮಿಗೆ ಮನೆಯೆಲ್ಲ ಬೆಲ್ಲದ ಪಾಕದ, ಹುರಿದ ಎಳ್ಳಿನ ವಾಸನೆ. ಎಳ್ಳುಂಡೆ, ಶೇಂಗಾ ಉಂಡೆ, ರವೆ ಉಂಡೆ, ಜೊತೆಗೆ ಜೋಳದ ಅಳ್ಳು. ನನ್ನ ಲಂಗದ ಕಿಸೆಯಲ್ಲಿ ಉಂಡೆ ಕರಗಿ ಅಂಟಿಕೊಂಡು, ಅವ್ವ ಎರಡು ಏಟು ಕೊಟ್ಟದ್ದೂ ಆಯಿತು. ಮಧ್ಯಾಹ್ನ ಅಗಸಿಯಲ್ಲಿ ಪಂದ್ಯ. ಆದರೆ ಅಪ್ಪ ಆ ಬೇಸಿಗೆಯಲ್ಲಿ ಮೇವಿನ ಬಂಡಿಯ ಮೇಲಿಂದ ಬಿದ್ದು ಬಲಗಡೆಯ ಭುಜ ನೋಯಿಸಿಕೊಂಡಿದ್ದರು. ವಾಸಿಯಾಗಿದೆ ಎಂದು ಊರಿಗೆಲ್ಲ ಹೇಳಿದ್ದರು. ವಾಸಿಯಾಗಿರಲಿಲ್ಲ. ಮೊದಲಿನ ಎರಡು ಎಸೆತಗಳು ಹೇಗೋ ಹೋದವು. ಆಮೇಲಿನವು ಹತ್ತಿರ ಹತ್ತಿರವೇ ಬೀಳತೊಡಗಿದವು. ಅರ್ಧ ದಾರಿಯಲ್ಲಿ ಒಂದು ಎಸೆತದ ನಂತರ ಅಪ್ಪ ಭುಜ ಹಿಡಿದುಕೊಂಡು ಬದುವಿನ ಮೇಲೆ ಕುಳಿತೇ ಬಿಟ್ಟರು. ಮುಖ ಬೆವರಿತ್ತು. ಕೆಳಗಿನ ಓಣಿಯವರು ಸೀಟಿ ಹೊಡೆಯುತ್ತಿದ್ದರು.

ಹಣ್ಣಿನ ಪಕ್ಕದಲ್ಲಿ ನಿಂತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು:

"ಅಪ್ಪಾ, ನೀ ಕುಂದ್ರು. ಉಳದದ್ದು ನಾ ಒಗೀತೇನಿ."

ಎಲ್ಲರೂ ನಕ್ಕರು. ಹೆಣ್ಣುಮಕ್ಕಳು ಜೋಕಾಲಿ ಬಿಟ್ಟು ನಿಂಬೆಹಣ್ಣು ಹಿಡಿದದ್ದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಫಕೀರಪ್ಪ ಮೀಸೆ ಒರೆಸಿಕೊಳ್ಳುತ್ತಾ ಅಪ್ಪನಿಗೆ, "ಒಗೀಲಿ ಬಿಡೋ ಬಸಣ್ಣ. ನಮಗೂ ಮನಿಗೆ ಹೋಗಿ ಉಂಡಿ ತಿನ್ನೂ ಹೊತ್ತಾತು" ಎಂದ.

ಅಕ್ಕ ಎಸೆದಳು. ಹಣ್ಣು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ನಗುತ್ತಿದ್ದವರು ಬಾಯಿ ಮುಚ್ಚಿ ಕತ್ತು ತಿರುಗಿಸಿದರು. ಅದು ಬೀಳುವ ಮೊದಲೇ ಅವಳು ಅತ್ತ ಓಡುತ್ತಿದ್ದಳು, ಏಕೆಂದರೆ ಈಗ ಕಾಯುವವರು ಬೇರೆ ಯಾರೂ ಇರಲಿಲ್ಲ. ಎಸೆಯುವುದು, ಓಡಿ ಹೋಗಿ ನಿಲ್ಲುವುದು, ಮತ್ತೆ ಎಸೆಯುವುದು. ಸೇತುವೆ ಮುಟ್ಟಿದಾಗ ನಮ್ಮ ಓಣಿ ಗೆದ್ದಿತ್ತು. ನಾವು ಮಕ್ಕಳು "ವಿಶ್ವದಾಖಲೆ, ವಿಶ್ವದಾಖಲೆ" ಎಂದು ಒದರುತ್ತಾ ಕಾಲುವೆಗೆ ಹಾರಿದೆವು.

ಅಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಹುಮಾನದ ತೆಂಗಿನಕಾಯಿಯನ್ನು ಯಾರಿಗೋ ಕೊಟ್ಟು, ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವ್ವ ತಂದಿಟ್ಟ ಉಂಡೆಯನ್ನು ಮುಟ್ಟಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಕೊಡ ಎತ್ತಿಕೊಂಡು ನೀರಿಗೆ ಹೋದಳು. ತನ್ನ ಕೈ ಬಿದ್ದುಹೋದ ದಿನವೇ ಮಗಳ ಕೈ ಎದ್ದು ನಿಂತದ್ದನ್ನು ನುಂಗಿಕೊಳ್ಳಲು ಅಪ್ಪನಿಗೆ ಕಷ್ಟವಾಗಿತ್ತು ಎಂದು ಇಂದು ನನಗೆ ಅನ್ನಿಸುತ್ತದೆ. ಅಂದು ನನಗೆ ಅನ್ನಿಸಿದ್ದು ಒಂದೇ: ಅಪ್ಪ ಬಲು ಕೆಟ್ಟವರು.

ಪಂದ್ಯವನ್ನು ನೋಡಿದವರಲ್ಲಿ ಅಕ್ಕನ ಹೈಸ್ಕೂಲಿನ ಪಿ.ಟಿ. ಸರ್ ಕೂಡ ಇದ್ದರು. ಹಬ್ಬ ಮುಗಿಯುತ್ತಲೇ ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಚಹಾ ಬರುವ ಮೊದಲೇ ಮಾತು ತೆಗೆದರು.

"ಬಸಣ್ಣಾರ, ಹುಡುಗಿ ಕೈ ಭಾಳ ಚೊಲೋ ಐತ್ರಿ. ಸವದತ್ತಿ ತಾಲೂಕ ಕ್ರೀಡಾಕೂಟಕ್ಕ ಈಟಿ ಒಗ್ಯಾಕ ಕಳಸ್ರಿ. ಅಲ್ಲಿ ಗೆದ್ರ ಬೆಳಗಾವಿ. ಬೆಳಗಾವ್ಯಾಗ ಆರಿಸಿದ್ರ ಕ್ರೀಡಾ ಹಾಸ್ಟೆಲ್. ಊಟಾ, ಸಾಲಿ ಎಲ್ಲಾ ಅವರದ ನೋಡ್ರಿ."

"ಹೊಲದಾಗ ಹೆಸರ ಒಣಗಾಕತ್ತೈತಿ ಸರ್ರ" ಎಂದರು ಅಪ್ಪ. "ಅದನ್ನ ಯಾರ ಬಿಡಸೋರು? ನಿಮ್ಮ ಈಟಿ ಬಂದ ಬಿಡಸತೈತೇನು?"

"ನಾ ಬಿಡಸತೇನಿ" ಎಂದು ಅಡುಗೆ ಮನೆಯಿಂದ ಅವ್ವನ ದನಿ ಬಂತು. "ಅದರಾಗೇನ ದೊಡ್ಡ ಮಾತು. ಇಷ್ಟ ವರ್ಷ ಯಾರ ಬಿಡಸ್ಯಾರ?"

ಅಪ್ಪ ಅಡುಗೆ ಮನೆಯ ಕಡೆ ಒಮ್ಮೆ, ಸರ್ ಕಡೆ ಒಮ್ಮೆ ನೋಡಿದರು. ಕೊನೆಗೆ ಅಕ್ಕನನ್ನು ಕರೆದರು. "ನೋಡ ಗೌರಾ. ಒಂದ ಸಲ ಹೋಗಿ ಬಾ. ಗೆದ್ದಿ ಅಂದ್ರ ನಾ ಅಡ್ಡ ಬರೂದಿಲ್ಲ. ಸೋತಿ ಅಂದ್ರ ಈ ಮನ್ಯಾಗ ಮತ್ತ ಒಗ್ಯೂ ಮಾತ ತಗೀಬಾರ್ದು. ಆತೇನು?"

"ಆತಪ್ಪಾ" ಎಂದಳು ಅಕ್ಕ.

ಮರುದಿನ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಾ ನಾನು ಅವಳನ್ನು ಕೇಳಿದೆ, ಹಾಸ್ಟೆಲ್‌ಗೆ ಹೋದರೆ ಅವ್ವನ ನೆನಪು ಬರುವುದಿಲ್ಲವೇ ಎಂದು. ಬರುತ್ತದೆ ಎಂದಳು. ಆಮೇಲೆ ಮಡಿಲಿನ ಕಾಯಿಗಳನ್ನು ಚೀಲಕ್ಕೆ ಸುರಿಯುತ್ತಾ, "ಅಲ್ಲಿ ದಿನಾ ಒಗ್ಯಾಕ ಕೊಡತಾರಂತ, ಕಸ್ತೂರಿ. ಬರೇ ಪಂಚಮಿಗೆ ಅಲ್ಲ. ದಿನಾ!" ಎಂದಳು. ಅಷ್ಟು ಆಸೆಯಿಂದ ಅವಳು ಯಾವ ಸೀರೆಯನ್ನೂ ಯಾವ ತಿನಿಸನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಅಭ್ಯಾಸ ಶುರುವಾಯಿತು. ಶಾಲೆಯಲ್ಲಿ ಇದ್ದದ್ದು ಒಂದೇ ಈಟಿ, ಅದೂ ಬಿದಿರಿನದು. ತುದಿಗೆ ಕಮ್ಮಾರ ಹೊಡೆದ ಕಬ್ಬಿಣದ ಮೊನೆ. ಪಿ.ಟಿ. ಸರ್ ಕಬಡ್ಡಿಯ ಮನುಷ್ಯ. ಈಟಿಯನ್ನು ಹೇಗೆ ಹಿಡಿಯಬೇಕೆಂದು ಅವರು ಯಾವುದೋ ಪುಸ್ತಕ ನೋಡಿ ಕಲಿತು ಬಂದು ಅವಳಿಗೆ ಹೇಳಿಕೊಟ್ಟರು. ಎರಡೇ ದಿನದಲ್ಲಿ ಅವಳು ಹಿಡಿತ ಕಲಿತಳು. ಈಟಿ ನಿಂಬೆಹಣ್ಣಿನಷ್ಟೇ ಮಾತು ಕೇಳುತ್ತಿತ್ತು. ಮಾತು ಕೇಳದಿದ್ದದ್ದು ಅವಳ ಕಾಲು. ಎಸೆದ ಮೇಲೆ ಗೆರೆಯ ಹಿಂದೆಯೇ ನಿಲ್ಲಬೇಕು, ದಾಟಿದರೆ ಎಸೆತ ಲೆಕ್ಕಕ್ಕಿಲ್ಲ. ಇವಳೋ, ಈಟಿ ಕೈ ಬಿಟ್ಟ ಕೂಡಲೇ ಅದರ ಬೆನ್ನು ಹತ್ತಿ ಓಡಿಬಿಡುತ್ತಿದ್ದಳು.

"ಗೆರಿ ದಾಟಬ್ಯಾಡ ಅಂತ ಎಷ್ಟ ಸಲ ಹೇಳಲೆ ಬೇ?" ಎಂದು ಸರ್ ತಲೆ ಹಿಡಿದುಕೊಳ್ಳುತ್ತಿದ್ದರು.

"ಗೊತ್ತೈತ್ರಿ ಸರ್. ಆದ್ರ ಅದು ಅಲ್ಲಿ ಒಂದ ಬಿದ್ದಿರತೈತಿ. ಯಾರರ ಬಂದು ಒದ್ದಬಿಟ್ರ?"

"ಈಟೀನ ಯಾರ ಒದೀತಾರ? ಕಾಲಾಗ ಚುಚ್ಚತೈತಿ!"

ಅವಳಿಗೂ ಇದು ಗೊತ್ತಿತ್ತು. ಆದರೆ ಇಷ್ಟು ವರ್ಷ ಓಡಿದ ಕಾಲಿಗೆ ಗೊತ್ತಾಗಬೇಕಲ್ಲ. ಸರ್ ಗೆರೆಯ ಮೇಲೆ ಜಾಲಿಮುಳ್ಳಿನ ಟೊಂಗೆ ಇಟ್ಟು ನೋಡಿದರು. ಅವಳು ಅದನ್ನು ಹಾರಿ ದಾಟಿದಳು. ಹಾಗಾದರೆ ಉದ್ದಜಿಗಿತಕ್ಕೂ ಹೆಸರು ಕೊಡೋಣವೇ ಎಂದು ಸರ್ ಒಂದು ಗಳಿಗೆ ಯೋಚಿಸಿದ್ದೂ ಉಂಟು. ಕೊನೆಗೆ ಅವಳ ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿ ಎಂದರು. ನಾನು ಬಿಗಿಯಾಗಿಯೇ ಹಿಡಿದಿದ್ದೆ. ಅವಳು ಎಸೆದು ಓಡಿದಳು. ನಾನೂ ಹೊಟ್ಟೆಯ ಮೇಲೆ ಜಾರುತ್ತಾ ಗೆರೆ ದಾಟಿದೆ. ಮೊಣಕೈ ತರಚಿದ ಗುರುತು ಇನ್ನೂ ಇದೆ.

ಕ್ರೀಡಾಕೂಟದ ದಿನ ಬೆಳಿಗ್ಗೆ ಅಪ್ಪ ನಮಗಿಂತ ಮುಂಚೆ ಎದ್ದು ರುಮಾಲು ಸುತ್ತಿಕೊಂಡು, ಹೆಸರುಕಾಳಿಗೆ ಪೇಟೆಯಲ್ಲಿ ಧಾರಣೆ ಹೇಗಿದೆ ಎಂದು ಕೇಳಿ ಬರಲು ಬೈಲಹೊಂಗಲಕ್ಕೆ ಹೋಗುತ್ತೇನೆಂದು ಹೇಳಿ ಹೊರಟುಹೋದರು. ಅವ್ವ ಅವಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಬಿಗಿದು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಹಬ್ಬದ್ದೇ ಉಳಿದ ನಾಲ್ಕು ಎಳ್ಳುಂಡೆ ಗಂಟು ಕಟ್ಟಿಕೊಟ್ಟಳು. ನಾನು ಅತ್ತು ಕರೆದು ಜೊತೆಗೆ ಹೊರಟೆ. ಬಸ್ಸಿನಲ್ಲಿ ಈಟಿ ಎಲ್ಲಿ ಇಡುವುದೆಂದು ಕಂಡಕ್ಟರಿಗೂ ಸರ್‌ಗೂ ಸವದತ್ತಿ ಮುಟ್ಟುವವರೆಗೆ ವಾದ ನಡೆಯಿತು.

ಮೈದಾನದ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ಹಿಂದಿನ ದಿನ ಜಿಟಿಜಿಟಿ ಮಳೆಯಾಗಿತ್ತು. ಹಸಿ ಎರೆಮಣ್ಣು, ಅದರ ಮೇಲೆ ಚೆಲ್ಲಿದ ಸುಣ್ಣ, ಗೇಟಿನ ಹತ್ತಿರ ಕಾದ ಎಣ್ಣೆಯಲ್ಲಿ ಬೇಯುವ ಮಿರ್ಚಿ ಭಜಿ. ಮೈಕಿನಲ್ಲಿ ಯಾರೋ ಒಂದೇ ಸಮನೆ "ಹಲೋ, ಹಲೋ" ಎನ್ನುತ್ತಿದ್ದರು. ಓಡುವ ಹುಡುಗರ ಅಂಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಪ್ರತಿಯೊಬ್ಬರೂ ಎರಡೆರಡು ಬೆರಳು ಎತ್ತರವಾಗಿದ್ದರು. ಇಷ್ಟೊಂದು ಜನ ಒಟ್ಟಿಗೆ ಓಡುವುದನ್ನು, ಅದೂ ಕರೆಂಟು ಹೋಗದೆ, ನಾನು ಮೊದಲ ಸಲ ನೋಡುತ್ತಿದ್ದೆ.

ಈಟಿಯ ಸರದಿ ಮಧ್ಯಾಹ್ನ ಬಂತು. ಒಬ್ಬೊಬ್ಬರಿಗೆ ಮೂರು ಎಸೆತ. ಸರಿಯಾದರೆ ಬಿಳಿ ಬಾವುಟ, ತಪ್ಪಾದರೆ ಕೆಂಪು. ಯರಗಟ್ಟಿ ಕಡೆಯ ಎತ್ತರದ ಹುಡುಗಿಯೊಬ್ಬಳು ಬೂಟು ಹಾಕಿಕೊಂಡು ಬಂದು ಚೆನ್ನಾಗಿ ಎಸೆದಳು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ಬರಿಗಾಲಲ್ಲಿ ಓಡಿ ಬಂದು ಎಸೆದ ಮೊದಲನೆಯದು ಆ ಹುಡುಗಿಯ ಗುರುತನ್ನು ದಾಟಿ ಎಷ್ಟೋ ಮುಂದೆ ಹೋಗಿ ನಾಟಿತು. ಮೈದಾನವೆಲ್ಲ "ಓ" ಎಂದಿತು. ಅಕ್ಕ ಆಗಲೇ ಗೆರೆ ದಾಟಿ, ಜಡೆ ಹಾರಿಸಿಕೊಂಡು, ಈಟಿಯ ಕಡೆ ಓಡುತ್ತಿದ್ದಳು. ಕೆಂಪು ಬಾವುಟ ಎದ್ದಿತು. "ಓ" ಎಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಎರಡನೆಯದಕ್ಕೆ ಪಿ.ಟಿ. ಸರ್ ಹಿಂದಿನಿಂದ "ನಿಂದ್ರ, ನಿಂದ್ರ, ನಿಂದ್ರ" ಎಂದು ಜಪ ಮಾಡುತ್ತಿದ್ದರು. ಎಸೆದಳು. ನಿಂತಳು! ನಾನು ಉಸಿರು ಬಿಟ್ಟೆ. ಆದರೆ ಆ ಹೊತ್ತಿಗೆ ಅಲ್ಲಿ ಈಟಿಗಳನ್ನು ಕಿತ್ತು ತರುವ ಸ್ವಯಂಸೇವಕ ಹುಡುಗನೊಬ್ಬ ಅಕ್ಕನ ಈಟಿಯ ಕಡೆ ನಡೆದುಕೊಂಡು ಬಂದ. ಪಾಪ, ಅವನಿಗೇನು ಗೊತ್ತು. ಅವನನ್ನು ಕಂಡದ್ದೇ ತಡ, "ಏ, ಮುಟ್ಟಬ್ಯಾಡ!" ಎಂದು ಕೂಗುತ್ತಾ ಅಕ್ಕ ಓಡಿಬಿಟ್ಟಳು. ಮತ್ತೆ ಕೆಂಪು.

ಅವಳು ತಿರುಗಿ ಬರುವಾಗ ಮುಖ ನೋಡಲಾಗುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ನೆಲ ನೋಡುತ್ತಾ ಬಂದಳು. ಉಳಿದದ್ದು ಒಂದೇ ಎಸೆತ. ಅದೂ ಹೋದರೆ ಹಾಸ್ಟೆಲ್ ಇಲ್ಲ, ಈಟಿ ಇಲ್ಲ, ಮನೆಯಲ್ಲಿ ಆ ಮಾತೇ ಇಲ್ಲ.

ಆಗ ನಾನು ಅಪ್ಪನನ್ನು ನೋಡಿದೆ. ತಂತಿ ಬೇಲಿಯ ಹತ್ತಿರ, ಜನರ ನಡುವೆ, ಕೈಚೀಲ ಹಿಡಿದು ನಿಂತಿದ್ದರು. ನಮ್ಮೂರಿಂದ ಬೈಲಹೊಂಗಲಕ್ಕೆ ಹೋಗುವ ಯಾವ ಬಸ್ಸೂ ಸವದತ್ತಿಯ ಮೈದಾನದೊಳಗಿಂದ ಹಾಯುವುದಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಕೈ ಬೀಸುವಷ್ಟರಲ್ಲಿ ಅವರು ತಿರುಗಿ ನಡೆಯತೊಡಗಿದರು. ನಕ್ಕ ಜನರ ನಡುವೆ ನಿಲ್ಲಲಾರದೆ ಹೊರಟರು ಎಂದುಕೊಂಡೆ. ನನಗೆ ಅಳು ಬಂತು. "ಅಪ್ಪಾ, ಇನ್ನ ಒಂದ ಐತಿ! ಇನ್ನ ಒಂದ ಐತಿ!" ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ.

ಆದರೆ ಅವರು ಗೇಟಿನ ಕಡೆ ಹೋಗಲಿಲ್ಲ. ಬೇಲಿಯ ಗುಂಟ ನಡೆದು, ಮೈದಾನದ ಆಚೆಯ ಮೂಲೆಗೆ ಹೋಗಿ, ತಂತಿ ಎತ್ತಿ ಒಳಗೆ ನುಸುಳಿದರು. ಈಟಿಗಳು ಬೀಳುವ ಜಾಗದ ಪಕ್ಕಕ್ಕೆ, ಸುಣ್ಣದ ಗೆರೆಯ ಹೊರಗೆ, ಬಂದು ನಿಂತರು. ಅಳತೆ ಮಾಡುವವರು ಸೀಟಿ ಊದಿ ಅವರ ಕಡೆ ಓಡಿದರು. ನಾನೂ ಓಡಿದೆ.

"ಏ ಯಜಮಾನ್ರ, ಹೊರಗ ನಡೀರಿ! ಈಟಿ ಬಂದು ಹೊಟ್ಯಾಗ ಹೊಕ್ಕಿದ್ರ ಯಾರ ಜವಾಬ್ದಾರಿ?"

"ನಾ ಗೆರಿ ಹೊರಗ ಅದೇನ್ರಿ" ಎಂದರು ಅಪ್ಪ. "ಏನೂ ಮುಟ್ಟೂದಿಲ್ಲ. ಬರೇ ನಿಂದ್ರತೇನಿ."

"ಯಾಕ ನಿಂದ್ರತೀರಿ?"

"ನನ್ನ ಮಗಳದು ಇಲ್ಲೆ ಬೀಳೂದೈತ್ರಿ."

ಅಳತೆ ಮಾಡುವವರು ನಾಲ್ಕು ಮಾರು ಹಿಂದೆ ಸರಿಯಿರಿ ಎಂದರು. ಅಪ್ಪ ಸರಿದರು. ಈಟಿ ಕೀಳುವ ಹುಡುಗನನ್ನು ಹತ್ತಿರ ಕರೆದು, "ತಮ್ಮಾ, ಅಳಿಯೂತನಕಾ ಅದರ ಹತ್ರ ಹೋಗಬ್ಯಾಡಪಾ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಎಡಗೈ ಎತ್ತಿದರು, ಬಲಗೈ ಮೇಲೆ ಹೋಗುತ್ತಿರಲಿಲ್ಲ. ಆ ತುದಿಗೆ ಕೇಳುವಂತೆ ಕೂಗಿದರು:

"ಗೌರಾ! ನಾ ಇಲ್ಲೆ ಅದೇನಿ! ಯಾರೂ ಮುಟ್ಟೂದಿಲ್ಲ. ನೀ ಅಲ್ಲೇ ನಿಂದ್ರು!"

ಜನ ಮತ್ತೆ ನಕ್ಕರು. ಅಪ್ಪ ನಗುವವರ ಕಡೆ ನೋಡಲೇ ಇಲ್ಲ. ದೂರದಲ್ಲಿ ಅಕ್ಕ ತಲೆ ಎತ್ತಿ ರುಮಾಲನ್ನು ಗುರುತಿಸಿದಳು. ಮುಖ ಒರೆಸಿಕೊಂಡಳು. ಈಟಿ ಹಿಡಿದು ಓಡಿ ಬಂದು ಎಸೆದಳು.

ಅದು ಮೊದಲಿನ ಎರಡರಷ್ಟು ದೂರ ಬರಲಿಲ್ಲ. ಅದು ಗಾಳಿಯಲ್ಲಿರುವಾಗ ನಾನು ನೋಡುತ್ತಿದ್ದುದು ಅದನ್ನಲ್ಲ, ಅವಳ ಕಾಲನ್ನು. ಅವಳ ಮೈಯೆಲ್ಲ ಗೆರೆಯ ಈಚೆಗೆ ವಾಲಿತು. ಎರಡೂ ಕೈ ಗಾಳಿಯಲ್ಲಿ ಈಜಿದವು. ಹೆಬ್ಬೆರಳು ಸುಣ್ಣದ ಅಂಚಿಗೆ ಬಂದು ನಿಂತಿತು. ಮರುಗಳಿಗೆ ಅವಳು ಹಿಂದಕ್ಕೆ ಧೊಪ್ಪನೆ ಕುಂಡಿಯ ಮೇಲೆ ಕುಳಿತುಬಿಟ್ಟಳು. ಕುಳಿತಲ್ಲಿಂದ ಏಳಲಿಲ್ಲ. ಬಿಳಿ ಬಾವುಟ ಎದ್ದಿತು.

ಟೇಪು ಹಿಡಿದು ಅಳೆದರು, ಮತ್ತೊಮ್ಮೆ ಅಳೆದರು. ಯರಗಟ್ಟಿ ಹುಡುಗಿಯ ಗುರುತಿಗಿಂತ ಸ್ವಲ್ಪವೇ ಮುಂದೆ. ಟೇಪು ಸುತ್ತಿ, ಈಟಿ ಕಿತ್ತು, ಎಲ್ಲರೂ ಹೋಗುವವರೆಗೆ ಅಪ್ಪ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು ಅಕ್ಕನ ಹತ್ತಿರ ನಡೆದರು. ಪಿ.ಟಿ. ಸರ್ ಅಳುತ್ತಿದ್ದರು, ನಗುತ್ತಲೂ ಇದ್ದರು. ಅಪ್ಪ ಅಕ್ಕನ ಲಂಗಕ್ಕೆ ಹತ್ತಿದ ಮಣ್ಣನ್ನು ಎಡಗೈಯಿಂದ ಝಾಡಿಸಿದರು, ಅಷ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದರು. ಅರ್ಧ ತಿಂದ ಮೇಲೆ, ಎದುರಿನ ಬಸ್ಸಿನ ಬೋರ್ಡು ಓದುವವರಂತೆ ಅತ್ತ ನೋಡುತ್ತಾ ಕೇಳಿದರು:

"ಬೆಳಗಾವಿಗೆ ಯಾವಾಗ ಹೋಗೂದೈತಿ?"

"ಮುಂದಿನ ತಿಂಗಳ ಅಂತಪ್ಪಾ."

"ಹೂಂ. ನಾನೂ ಬರತೇನಿ."

ಅಕ್ಕ ಖಾರ ಹತ್ತಿತೆಂದು ಹೇಳಿ ಕಣ್ಣು ಒರೆಸಿಕೊಂಡಳು. ಭಜಿಯಲ್ಲಿ ಅಷ್ಟೇನೂ ಖಾರ ಇರಲಿಲ್ಲ.

ಮನೆಗೆ ಹೋದಾಗ ಅವ್ವ ಹೆಸರಿನ ಹೊಟ್ಟು ಝಾಡಿಸುತ್ತಾ ಅಂಗಳದಲ್ಲಿದ್ದಳು. ಮೂವರೂ ಒಟ್ಟಿಗೆ ಬಂದದ್ದನ್ನು ನೋಡಿದಳು, ಮುಖಗಳನ್ನೂ ನೋಡಿದಳು. ಆದರೂ ಕೇಳಿದಳು: "ಹೊಂಗಲದಾಗ ಹೆಸರಿನ ಪ್ಯಾಟಿ ಹೆಂಗೈತ್ರಿ?"

"ಚೊಲೋ ಐತಿ" ಎಂದು ಅಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಆ ಸಂಜೆ ಅವ್ವ ಮತ್ತೆ ಉಂಡೆ ಕಟ್ಟಿದಳು.

ಬೆಳಗಾವಿಯಲ್ಲಿ ಅಕ್ಕ ಗೆಲ್ಲಲಿಲ್ಲ. ಅಲ್ಲಿಯ ಹುಡುಗಿಯರು ವರ್ಷಗಟ್ಟಲೆ ಕಲಿತವರು. ಅಪ್ಪನನ್ನು ಮೈದಾನದೊಳಗೆ ಬಿಡಲಿಲ್ಲ, ಅವರು ಬೇಲಿಯ ಹೊರಗೆ, ಆ ತುದಿಗೆ ಸಮನಾಗಿ ನಿಂತಿದ್ದರಂತೆ. ಮೂರೂ ಎಸೆತಕ್ಕೆ ಬಿಳಿ ಬಾವುಟ ಬಂತು, ಹಾಸ್ಟೆಲ್‌ಗೆ ಆರಿಸಿದರು. ಅಲ್ಲಿ ಅವಳು ದಿನಾ ಎಸೆದಳು. ಯಾವ ದೊಡ್ಡ ದಾಖಲೆಯನ್ನೂ ಮುರಿಯಲಿಲ್ಲ. ಈಗ ರಾಮದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಅವಳೇ ಪಿ.ಟಿ. ಟೀಚರು. ನಾನು ಬೈಲಹೊಂಗಲದಲ್ಲಿ ಸಂಸಾರ ಹೂಡಿದ್ದೇನೆ.

ಊರಿಗೆ ಹೋದರೆ ಓಣಿಯಲ್ಲಿ ಸಿಮೆಂಟು ರಸ್ತೆ. ಓಡಲು ಎಷ್ಟು ಚೆನ್ನಾಗಿದೆ! ಓಡುವವರಿಲ್ಲ. ಹುಡುಗರು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ, ಜಗತ್ತಿನ ಯಾವುದೋ ಮೂಲೆಯ ಓಟ ನೋಡುತ್ತಿರುತ್ತಾರೆ. ಕರೆಂಟು ಹೋದರೂ ಅವರ ಓಟ ನಿಲ್ಲುವುದಿಲ್ಲ, ಹಾಗಾಗಿ ಎದ್ದು ಬರುವ ಕಾರಣವೇ ಇಲ್ಲ. ನಾನು ಬೇಸರದಿಂದ ಹೇಳುತ್ತಿಲ್ಲ, ಅವರಿಗೆ ಗೊತ್ತಿರುವಷ್ಟು ಹೆಸರುಗಳು ನಮಗೆ ಗೊತ್ತಿರಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಒಂದು ವಿಶ್ವದಾಖಲೆಯೂ ಆಗದೆ ವರ್ಷಗಳು ಕಳೆಯುತ್ತಿವೆ. ಅಪ್ಪನೂ ಈಗ ಇಲ್ಲ.

ಕಳೆದ ವರ್ಷ ಅಕ್ಕನ ಶಾಲೆಯ ಹುಡುಗಿಯೊಬ್ಬಳು ಬೆಳಗಾವಿಯಲ್ಲಿ ಈಟಿ ಎಸೆದು ಮೊದಲಿಗಳಾದಳು. ಅಕ್ಕನಿಗೆ ಎಂದೂ ಸಿಗದ ಜಾಗ ಅದು. ಸಂಜೆ ನನಗೆ ಫೋನ್ ಮಾಡಿ ಏದುಸಿರಿನಲ್ಲಿ ಎಲ್ಲ ಹೇಳಿದಳು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನೂ ಬಿಡಲಿಲ್ಲ. ಕೊನೆಗೆ ಹೇಳಿದಳು:

"ಕಸ್ತೂರಿ, ಮೊದಲ ನಾ ಅಪ್ಪನ ನಂಬರ ಹಚ್ಚಿದ್ನಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕೈ ತಾನ ಹಚ್ಚಿಬಿಡ್ತು ನೋಡ. ರಿಂಗ್ ಆಗೂ ಮುಂದ ನೆನಪಾತು. ಇಡಬೇಕಂದ್ನಿ, ಅಷ್ಟರಾಗ ಯಾರೋ ಎತ್ತಿದ್ರು. ಆ ನಂಬರ ಈಗ ಯಾರಿಗೋ ಕೊಟ್ಟಾರ. ದನಿ ವಯಸ್ಸಾದವರದ ಇತ್ತು. 'ಯಾರ್ರಿ?' ಅಂದ್ರು."

"ಮತ್ತ? ನೀ ಏನಂದಿ?"

"ಏನ ಹೇಳ್ಲಿ? 'ನಮ್ಮ ಹುಡುಗಿ ಗೆದ್ಲರಿ' ಅಂದ್ನಿ."

"ಅವ್ರು?"

"ಅವ್ರಿಗೆ ಏನ ತಿಳೀಬೇಕ. ಆದ್ರೂ, 'ಭಾಳ ಚೊಲೋ ಆತ ಬಿಡವಾ' ಅಂದ್ರು."

ಅಕ್ಕ ಇದನ್ನು ಹೇಳಿ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಅವಳೇನು ಮಾಡಿದಳೋ ಗೊತ್ತಿಲ್ಲ. ನಾನಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಹುಡುಗಿಯ ಹಾಗೆ ಅತ್ತೆ.